ಐದಕ್ಕ ಏಳು

ಬೀದರ
14 ಅಗಸ್ಟ 1972

ಅಪ್ಪಗ,

ನಿನ್ನ ಮೀರಾ ಬರೆಯೋದು. ಅವ್ವಗೂ ಓದಿ ಹೇಳು, ನಡುವ ನಡುವ ನುಂಗಬ್ಯಾಡ. ಹಾಸ್ಟೆಲ್ದಾಗ ದಿನಾ ಕೆಂಪ ಜ್ವಾಳದ ರೊಟ್ಟಿ, ಅಮೇರಿಕದ್ದಂತ. ತಟ್ಟಲಿಕ್ಕೆ ಹೋದ್ರ ಒಡೀತದ, ತಿನ್ನಲಿಕ್ಕೆ ಹೋದ್ರ ಗಂಟಲದಾಗ ಕೂಡ್ತದ. ಆದ್ರ ಹೊಟ್ಟಿ ತುಂಬತದ. ನನ್ನ ಚಿಂತಿ ಬ್ಯಾಡ.

ಟ್ರೇನಿಂಗ್ ಸಾಲಿ ಶುರು ಆಗಿ ಎರಡು ತಿಂಗಳಾಯ್ತು. ನಮಗ ಲೆಕ್ಕ ಹೇಳೋರು ಅಜೀಜಾ ಬೇಗಂ ಮೇಡಂ. ಈ ವಾರ ಸಂಖ್ಯೆಗಳ ಬಗೆ ಹೇಳಿದ್ರು. ಸಂಖ್ಯಾದಾಗೂ ಮನೆತನ ಅವ ಅಪ್ಪ. ಒಂದು, ಎರಡು, ಮೂರು ಅಂತ ಬೆರಳು ಮಡಚಿ ಎಣಿಸೋವು ಸ್ವಾಭಾವಿಕ ಸಂಖ್ಯೆ. ಅದರಾಗ ಸೊನ್ನಿ ಸೇರಿಸಿದ್ರ ಪೂರ್ಣ ಸಂಖ್ಯೆ. ಸೊನ್ನಿಕಿಂತ ಕೆಳಗಿನವೂ ಸೇರಿದ್ರ ಪೂರ್ಣಾಂಕ. ಅರ್ಧ, ಪಾವು, ಮುಕ್ಕಾಲು ಎಲ್ಲಾ ಒಳಗ ಬಂದ್ರ ಭಾಗಲಬ್ಧ. ಒಂದು ಮನಿ ಹೊರಗ ಇನ್ನೊಂದು ಮನಿ ಕಟ್ಟಿದಂಗ, ಸಣ್ಣದು ದೊಡ್ಡದರ ಒಳಗೇ ಇರ್ತದ.

ಮೇಡಂ ಕೇಳಿದ್ರು, "ಸೊನ್ನಿಕಿಂತ ಕೆಳಗ ಸಂಖ್ಯೆ ಹ್ಯಾಂಗ ಇರ್ತದ, ಯಾರಾದ್ರೂ ಹೇಳ್ತೀರೇನು?" ಎಲ್ಲಾರೂ ನೆಲ ನೋಡಿದ್ರು. ನಾನೂ ನೆಲಾನೇ ನೋಡಿದೆ, ಅದರಿಂದಾನೇ ಉತ್ತರ ಸಿಕ್ತು. ನೆಲ ಸೊನ್ನಿರಿ, ತೋಡಿ ಹಾಕಿದ ಮಣ್ಣಿನ ದಿಬ್ಬ ಮೂರು ಮೊಳ ಮ್ಯಾಲ, ಬಾವಿ ಹತ್ತು ಮೊಳ ಕೆಳಗ ಅಂದೆ. ಹಿಂದಿನ ಬೆಂಚಿನವರು ನಕ್ಕರು. ಮೇಡಂ ನಗಲಿಲ್ಲ. "ಯಾರು ಕಲಿಸಿದ್ರು?" ಅಂದ್ರು. ಭಾಲ್ಕಿ ತಾಲ್ಲೂಕು ಮೆಹಕರದ ನರಸಿಂಗ, ಬಾವಿ ತೋಡೋರು, ನಮ್ಮಪ್ಪ ಅಂದೆ. ಜರಾ ಜೋರಾಗೇ ಅಂದೆ.

ಈಗ ನಿನಗೊಂದು ಪ್ರಶ್ನಾ. ಮೊದಲು ನೀನು ಮೂರು ಮೊಳ ತೋಡಿ, ಆಮ್ಯಾಲ ಖಾಜಾ ಚಾಚಾ ಐದು ಮೊಳ ತೋಡಿದ್ರ ಎಷ್ಟು? ಮೊದಲು ಚಾಚಾ ಇಳಿದು ಆಮ್ಯಾಲ ನೀನು ಇಳಿದ್ರ ಎಷ್ಟು? ಇದಕ್ಕ ಒಂದು ದೊಡ್ಡ ಹೆಸರದ. ಉತ್ತರ ಬರಿ, ಹೆಸರು ಹೇಳ್ತೇನಿ.

ಇನ್ನೊಂದು ಮಾತು. ಡಿಸೆಂಬರದಾಗ ನೌಬಾದದ ಸಾಲ್ಯಾಗ ನಾನು ಇನ್ಸ್‌ಪೆಕ್ಟರ್ ಮುಂದ ಪಾಠ ಮಾಡಬೇಕು. ಅದಕ್ಕ ಮೊಳಕ್ಕೊಂದು ಗಂಟು ಹಾಕಿದ ಅಳತಿ ಹಗ್ಗ ಬೇಕಾಗಿತ್ತು. ಹುಡುಕ್ಕೊಂಡು ಹೋದ್ರ ನೌಬಾದದಾಗ ಪುಂಡಿ ನಾರಿನ ಹಗ್ಗ ಹೊಸಿತಿದ್ದವರು ನಮ್ಮ ಏಕನಾಥ ಕಾಕಾ. ನನ್ನ ಗುರುತು ಹಿಡಿದ್ರು. ಹಗ್ಗ ಮಾಡಿ ಕೊಡ್ತೇನಿ ಅಂದ್ರು. ನಿನ್ನ ಬಗ್ಗೆ ಏನೂ ಕೇಳಲಿಲ್ಲ. ಬರೀಲೋ ಬ್ಯಾಡೋ ಅಂತ ಎರಡು ದಿನ ವಿಚಾರ ಮಾಡಿ ಬರೆದೀನಿ.

ನಿನ್ನ ಮಗಳು,
ಮೀರಾ


ನಿಲಂಗಾ ತಾಲ್ಲೂಕು, ಬಾವಿ ಕ್ಯಾಂಪು
2 ಸಪ್ಟೆಂಬರ 1972

ಮೀರಾಗ,

ಕಾಗದ ಮುಟ್ಟಿತು. ನಾಲ್ಕನೇ ಇಯತ್ತೆ ಓದಿದವನ ಅಕ್ಷರ, ಹೊಂದಿಸಿಕೊಂಡು ಓದು. ಇಲ್ಲಿ ಕೆಲಸ ಭಾಳ ಅದ. ಮಳಿ ಇಲ್ಲ, ಎಲ್ಲಾ ಊರಿನವರೂ ಬಾವಿ ಇಳಿಸ್ರಿ ಇಳಿಸ್ರಿ ಅಂತಾರ. ಮೆಹಕರದ ಅರ್ಧ ಮಂದಿ ಇಲ್ಲೇ ಅದಾರ. ಔರಾದ ಕಡಿ ಎಕಂಬಾದಿಂದ ಬಂದವರೂ ಅದಾರ. ಮಂದಿ ಬಾಯಿ ಒಣಗಿದ ವರ್ಷ ನನ್ನ ಗುದ್ದಲಿಗೆ ಪುರಸತ್ತಿಲ್ಲ, ಅದಕ್ಕ ಖುಷಿ ಪಡಬೇಕೋ ಬ್ಯಾಡೋ ನನಗ ತಿಳೀವಲ್ದು.

ನೀನು ಸಾಲ್ಯಾಗ ನನ್ನ ಹೆಸರು ಹೇಳಿದ್ದು ಓದಿ ಹೇಳಿದೆ. ನಿಮ್ಮವ್ವ ಇನ್ನೊಮ್ಮೆ ಓದು ಅಂದಳು. ಮೂರು ಸಲ ಓದಿದೆ. ಖಾಜಾ ಮಿಯಾ, "ಏ ನರಸಿಂಗ, ಮಗಳು ನಿನ್ನ ಬಾವೀನ ಬೋರ್ಡ್ ಮ್ಯಾಲ ಏರಿಸ್ಯಾಳ" ಅಂದ. ಅವತ್ತು ನಾನು ಒಂದು ಮೊಳ ಹೆಚ್ಚು ತೋಡಿದೆ.

ನಿನ್ನ ಪ್ರಶ್ನಾದ ಉತ್ತರ ಎಂಟು. ಯಾರು ಮೊದಲು ಇಳಿದ್ರೇನು, ಬಾವಿ ಎಂಟೇ ಮೊಳ. ಆದ್ರ ಎಲ್ಲಾದಕ್ಕೂ ಹಂಗ ಅನ್ಕೋಬ್ಯಾಡ. ತೋಡಿ ಕಲ್ಲು ಕಟ್ಟೋದು ಬ್ಯಾರೆ, ಕಲ್ಲು ಕಟ್ಟಿ ತೋಡೋದು ಬ್ಯಾರೆ. ಇದಕ್ಕೂ ನಿಮ್ಮ ಪುಸ್ತಕದಾಗ ಹೆಸರು ಇರಬೇಕು.

ಏಕನಾಥನ ಮಾತು. ನಿನಗ ಆಗ ಏಳು ವರ್ಷ, ಪೂರಾ ಗೊತ್ತಿಲ್ಲ. ಗೊತ್ತಾಗಲಿ. ನಾನು, ಅವ ಒಂದೇ ಓಣ್ಯಾಗ ಬೆಳೆದವರು. "ಏಕನಾಥನ ಹಗ್ಗ, ನರಸಿಂಗನ ಗುದ್ದಲಿ" ಅಂತ ಭಾಲ್ಕಿ ತನಕ ಮಾತಿತ್ತು. ಮೆಹಕರದ ದೊಡ್ಡ ಚೌಕ ಬಾವಿ ನನಗ ಒಪ್ಪಿಸಿದ್ರು, ಬಗಲಿಗೆ, ಅಂದ್ರ ಒಂದೊಂದು ಬದಿಗೆ, ಇಪ್ಪತ್ತು ಮೊಳ. ನಮ್ಮ ಉಸ್ತಾದ ಲಾಲ ಅಹ್ಮದ ಹಾಕಿಕೊಟ್ಟ ಲೆಕ್ಕ ಐದಕ್ಕ ಏಳು. ಬಗಲು ಐದು ಮೊಳ ಇದ್ರ ಮೂಲಿಯಿಂದ ಎದುರು ಮೂಲಿಗೆ ಏಳು. ಇಪ್ಪತ್ತಕ್ಕ ಇಪ್ಪತ್ತೆಂಟು. ಹಂಗೇ ಏಕನಾಥನ ಹಗ್ಗ ಎಳೆದು ಗೂಟ ಹೊಡೆದೆ. ತೋಡಿ ಕಲ್ಲು ಕಟ್ಟಲಿಕ್ಕೆ ಹೋದ್ರ ಬಾವಿ ಸೊಟ್ಟ. ಎರಡು ಮೂಲಿ ಚೂಪ, ಎರಡು ಮೂಲಿ ಅಗಲ. ಕಲ್ಲು ಕೂಡಲಿಲ್ಲ. ಗುದ್ದಲಿ ನಂದು ಖರೆ, ಲೆಕ್ಕ ಉಸ್ತಾದಂದು ಖರೆ. ಉಳಿದದ್ದು ಹಗ್ಗ. ಹಗ್ಗ ಹಿಗ್ಗ್ಯದ ಅಂತ ಶರಫೋದ್ದೀನ ಪಟೇಲರ ಕಟ್ಟಿ ಮ್ಯಾಲ, ಊರ ಮುಂದ ಹೇಳಿದೆ. ಅವ ಎದುರು ಮಾತಾಡಲಿಲ್ಲ. ಹಗ್ಗ ನನ್ನ ಕಾಲ ಹತ್ತಿರ ಇಟ್ಟು ಹೋದ. ಆಮ್ಯಾಲ ಅವನ ಅಳತಿ ಹಗ್ಗ ಯಾರೂ ಕೊಳ್ಳಲಿಲ್ಲ. ಊರು ಬಿಟ್ಟ.

ಹನ್ನೊಂದು ವರ್ಷಾಯ್ತು. ಅವನ ಹೆಸರು ಇನ್ನ ಬರೀಬ್ಯಾಡ. ಪಾಠಕ್ಕ ಬ್ಯಾರೆ ಹಗ್ಗ ತಗೋ, ಅದು ಹಿಗ್ಗತದ.

ನಿಮ್ಮಪ್ಪ,
ನರಸಿಂಗ


ಬೀದರ
24 ಸಪ್ಟೆಂಬರ 1972

ಅಪ್ಪಗ,

ಮೊದಲು ಹೆಸರು ಹೇಳ್ತೇನಿ, ಕೊಟ್ಟ ಮಾತು. ಮೂರಕ್ಕ ಐದು ಕೂಡಿಸಿದ್ರೂ ಐದಕ್ಕ ಮೂರು ಕೂಡಿಸಿದ್ರೂ ಎಂಟು, ಇದು ಪರಿವರ್ತನೀಯ ಗುಣ. ಕೂಡಿಸೋದಕ್ಕೂ ಗುಣಿಸೋದಕ್ಕೂ ಅದ. ಕಳೆಯೋದಕ್ಕ ಇಲ್ಲ. ಐದರಾಗ ಮೂರು ತೆಗೆದ್ರ ನೆಲದ ಮ್ಯಾಲ ಎರಡು, ಮೂರರಾಗ ಐದು ತೆಗೆದ್ರ ನೆಲದ ಕೆಳಗ ಎರಡು. ನೀನು ಪುಸ್ತಕ ನೋಡದೇ ಹೇಳಿದ್ದೆಲ್ಲಾ ಮೇಡಂ ಮುಂದ ಹೇಳಿದೆ. "ನಿಮ್ಮಪ್ಪನ್ನ ಇಲ್ಲಿ ಕರಕೊಂಡು ಬಾ, ಅವರು ಪಾಠ ಹೇಳಲಿ, ನಾನು ಬಾವಿ ತೋಡ್ತೇನಿ" ಅಂತ ನಕ್ಕರು.

ಈಗ ಬರೆಯೋದು ಓದಿ ನೀ ಸಿಟ್ಟಾಗ್ತಿ. ಆದ್ರೂ ಬರೀತೇನಿ. ಖರೆ ಇದ್ದದ್ದು ಯಾರ ಮುಂದಾದ್ರೂ ಹೇಳು ಅಂತ ಕಲಿಸಿದವ ನೀನೇ.

ಮೊನ್ನೆ ಮೇಡಂ ಇನ್ನೊಂದು ಮನೆತನ ತೋರಿಸಿದ್ರು. ಅಭಾಗಲಬ್ಧ ಸಂಖ್ಯೆ. ಎಣಿಸಲಿಕ್ಕೂ ಬರಂಗಿಲ್ಲ, ಅರ್ಧ ಪಾವು ಮಾಡಿ ಹೇಳಲಿಕ್ಕೂ ಬರಂಗಿಲ್ಲ. ಉದಾಹರಣೆಗೆ ಬೋರ್ಡ್ ಮ್ಯಾಲ ಒಂದು ಚೌಕ ಬರೆದು ಮೂಲಿಗೆ ಮೂಲಿ ಗೆರಿ ಎಳೆದ್ರು. ಅದಕ್ಕ ಕರ್ಣ ಅಂತಾರ. ಅಪ್ಪ, ಅದು ನಿನ್ನ ಗೆರಿ.

ಲೆಕ್ಕ ಹಿಂಗದ. ಬಗಲನ್ನ ಅದರಿಂದಾನೇ ಗುಣಿಸು, ಎರಡು ಸಲ ಮಾಡಿ ಕೂಡಿಸು. ಕರ್ಣಾನ ಅದರಿಂದಾನೇ ಗುಣಿಸಿದ್ರೂ ಅಷ್ಟೇ ಬರಬೇಕು. ಐದ ಐದಲೆ ಇಪ್ಪತ್ತೈದು, ಎರಡು ಸಲ ಐವತ್ತು. ಏಳ ಏಳಲೆ ನಲವತ್ತೊಂಬತ್ತು. ಒಂದು ಕಡಿಮಿ. ಸಣ್ಣ ಬಾವ್ಯಾಗ ಈ ಒಂದು ಕಾಣಂಗಿಲ್ಲ, ಎರಡು ಮೂರು ಬೆರಳು ಫರಕು, ಕಲ್ಲಿನ ನಡುವಿನ ಗಾರಿ ನುಂಗತದ. ಇಪ್ಪತ್ತು ಮೊಳದ ಬಾವಿ ನೋಡು. ಇಪ್ಪತ್ತಿಪ್ಪತ್ತಲೆ ನಾಲ್ಕುನೂರು, ಎರಡು ಸಲ ಎಂಟುನೂರು. ಇಪ್ಪತ್ತೆಂಟು ಇಪ್ಪತ್ತೆಂಟಲೆ ಏಳುನೂರಾ ಎಂಬತ್ನಾಲ್ಕು. ಹದಿನಾರು ಕಡಿಮಿ. ಒಂದು ಕರ್ಣ ಇಪ್ಪತ್ತೆಂಟಕ್ಕ ಬಿಗಿದ್ರ ಇನ್ನೊಂದು ಕರ್ಣ ಇಪ್ಪತ್ತೆಂಟೂವರಿಗಿಂತ ಹೆಚ್ಚಾಗ್ತದ. ಅಂದ್ರ ಒಂದು ಗೇಣಿಗಿಂತ ಜಾಸ್ತಿ ಸೊಟ್ಟ. ನೀನು ಎರಡನೇ ಕರ್ಣ ಎಳೆದು ನೋಡಿದ್ಯೇನು?

ಹಗ್ಗ ಹಿಗ್ಗಿರಲಿಲ್ಲ ಅಪ್ಪ. ಲೆಕ್ಕ ಅಂದಾಜಿಂದಿತ್ತು.

ಗಂಟಿನ ನಡುವಿನ ಅಳತಿ ಸಣ್ಣ ಮಾಡಿದ್ರ ಸಿಗತದ ಅಂತ ನೀ ಅಂತಿ, ನನಗ ಗೊತ್ತದ. ಎಷ್ಟು ಸಣ್ಣ ಮಾಡಿದ್ರೂ ಬಗಲು, ಕರ್ಣ ಎರಡೂ ಒಮ್ಮೆಗೇ ಗಂಟಿಗೆ ಕೂಡಂಗಿಲ್ಲ. ನಂಬಬ್ಯಾಡ, ಎಳೆದು ನೋಡು.

ಮೀರಾ


ಬಾವಿ ಕ್ಯಾಂಪು
5 ಅಕ್ಟೋಬರ 1972

ಮೀರಾಬಾಯಿಗೆ,

ಲಾಲ ಅಹ್ಮದ ಉಸ್ತಾದ ನೂರಾ ನಲವತ್ತು ಬಾವಿ ತೋಡ್ಯಾನ. ನಿಮ್ಮ ಮೇಡಂ ಎಷ್ಟು ತೋಡ್ಯಾರ ಕೇಳು.

ಎರಡನೇ ಸಲ ಎಳೆಯೋ ಪದ್ಧತಿ ನಮ್ಮಲ್ಲಿ ಇಲ್ಲ. ಎಳೆದ್ರ ಉಸ್ತಾದನ ಮ್ಯಾಲ ಸಂಶಯ ಪಟ್ಟಂಗ. ಒಂದು ಮೂಲಿ ಎಳಿ, ಉಸ್ತಾದನ ಹೆಸರು ತಗೋ, ಗುದ್ದಲಿ ಹಾಕು. ಇಷ್ಟೇ ಕಲಿತೀನಿ, ಇಷ್ಟರಿಂದಾನೇ ನಿನ್ನ ಓದಿಸೀನಿ.

ನರಸಿಂಗ


ಬಾವಿ ಕ್ಯಾಂಪು
19 ನವೆಂಬರ 1972

ಮೀರಾ ಬೇಟಿಗೆ,

ಖಾಜಾ ಮಿಯಾ ಬರೆಯೋದು. ನನ್ನ ಕನ್ನಡ ನಿನಗ ಗೊತ್ತದ, ನಗಬ್ಯಾಡ. ನಿಮ್ಮವ್ವ ಕೌಸಲ್ಯಾಬಾಯಿ ಬಾಜೂಕ ಕೂತು ಬರಿಸ್ತಾಳ. ನಿಮ್ಮಪ್ಪಗ ಗೊತ್ತಿಲ್ಲ, ಅಂವ ನೀರು ಕಾಯಿಸ್ಲಿಕ್ಕೆ ಸೌದಿ ತರಲಿಕ್ಕೆ ಹೋಗ್ಯಾನ.

ನಿನ್ನ ಕಾಗದ ಬಂದಾಗಿಂದ ಅವನ ತಲಿ ಠಿಕಾಣಿಗಿಲ್ಲ. ಐದನೇ ದಿನ ಸಂಜಿಗೆ ಕೆಲಸ ಬಿಟ್ಟ ಮ್ಯಾಲ ಬಯಲಿಗೆ ನಾಲ್ಕು ಗೂಟ ತಗೊಂಡು ಹೋದ. ದಿನಾ ಇದೇ ಧಂದಾ. ಐದು ಮೊಳದ ಚೌಕ ಹಾಕ್ತಾನ, ಏಳಕ್ಕಿಂತ ಎರಡು ಬೆರಳು ಹೆಚ್ಚು ಬರ್ತದ. ಹನ್ನೆರಡು ಮೊಳದ್ದು ಹಾಕ್ತಾನ, ಹದಿನೇಳಕ್ಕ ಒಂದು ಬೆರಳಿನಷ್ಟು ಕಮ್ಮಿ. ಮೊಳ ಬಿಟ್ಟು ಗೇಣಿನ ಗಂಟು ಹಾಕಿದ. ಗೇಣು ಬಿಟ್ಟು ಬೆರಳು. ಮೊನ್ನೆ ಕೆಂಪ ಜ್ವಾಳದ ಕಾಳು ಸಾಲಿಗೆ ಹಚ್ಚಿ ಎಣಿಸ್ಲಿಕ್ಕತ್ತಿದ್ದ. ನಿಮ್ಮವ್ವ, "ಅದು ನಾಳಿನ ರೊಟ್ಟಿ, ಎತ್ತಿ ಕೊಡು" ಅಂದಳು. "ತಡಿ, ಈಗ ಬರ್ತದ" ಅಂದ. ಬರಲಿಲ್ಲ. ಒಂದು ಕಾಳು ಇಟ್ರ ಹೆಚ್ಚು, ತೆಗೆದ್ರ ಕಮ್ಮಿ.

ಅಸಲಿ ಮಾತು ಇನ್ನ ಮುಂದದ. ಆ ಏಕನಾಥನ ಹಗ್ಗ ನಿಮ್ಮವ್ವ ಎಸೆದಿಲ್ಲ ಬೇಟಿ. ಹನ್ನೊಂದು ವರ್ಷದಿಂದ ಹಾಸಿಗಿ ಗಂಟು ಕಟ್ಟಲಿಕ್ಕೆ ಇಟ್ಟಾಳ, ಎಲ್ಲಿ ದುಡೀಲಿಕ್ಕೆ ಹೋದ್ರೂ ಅದೇ ಹಗ್ಗ. ನಿಮ್ಮಪ್ಪ ನೋಡಿಯೂ ನೋಡದಂಗ ಇರ್ತಿದ್ದ. ನಿನ್ನೆ ತಾನೇ ಹಾಸಿಗಿ ಬಿಚ್ಚಿದ. ಓವರ್ಸಿಯರ್ ಸಾಬರ ಲೋಹದ ಟೇಪು ಬೇಡಿ ತಂದ. ಮೂವತ್ತು ಮೊಳದ ಹಗ್ಗ, ನಲವತ್ತೈದು ಫೂಟು ಆಗಬೇಕು. ಒಂದು ಕಡಿ ನಾನು ಹಿಡಿದೆ, ಇನ್ನೊಂದು ಕಡಿ ಅಂವ. ಹಿಗ್ಗಿಲ್ಲ. ಒಂದು ಬೆರಳು ಕುಗ್ಗ್ಯದ.

ನಿಮ್ಮಪ್ಪ ಅಲ್ಲೇ ನೆಲದ ಮ್ಯಾಲ ಕೂತ. ನಿಮ್ಮವ್ವ ಹಗ್ಗ ಸುತ್ತಿ ಇಟ್ಟಳು.

ನಾನೂ ಉಸ್ತಾದನ ಶಾಗಿರ್ದನೇ. ನನಗೂ ಎದಿ ಉರೀತು. ಆದ್ರ ಉಸ್ತಾದ ಸಣ್ಣ ಬಾವಿ ತೋಡಿದಂವ, ಅವನ ಬಾವಿ ಎಲ್ಲಾ ನೆಟ್ಟಗ ನಿಂತಾವ. ಇಪ್ಪತ್ತು ಮೊಳದ ಆಶಾ ಮಾಡಿದವರು ನಾವು.

ನೀನು ಮಾತ್ರ ಅವನಿಗೆ ಬರೆಯೋದು ಬಿಡಬ್ಯಾಡ. ಡಾಕಿನಂವ ಬಂದ್ರ ಗುದ್ದಲಿ ನಿಲ್ಲಸ್ತಾನ. ನಿಮ್ಮವ್ವ ಹೇಳ್ತಾಳ, ಎಣ್ಣಿ ಹಚ್ಕೊಂಡು ತಲಿ ಬಾಚ್ಕೋಬೇಕಂತ.

ಖಾಜಾ ಮಿಯಾ


ಬೀದರ
16 ಡಿಸೆಂಬರ 1972

ಅಪ್ಪಗ,

ಪಾಠ ಮುಗೀತು. ಪಾಸಾದೆ. ಮೊದಲು ಅದನ್ನ ಅವ್ವಗ ಹೇಳು, ಆಮ್ಯಾಲ ಮುಂದ ಓದು.

ನೌಬಾದದ ಸಾಲಿ ಅಂಗಳದಾಗ ಪಾಠ ಮಾಡಿದೆ. ಒಳಗ ಬೋರ್ಡ್ ಇತ್ತು, ನನಗ ನೆಲ ಬೇಕಾಗಿತ್ತು. ಸುಣ್ಣದ ಗೆರಿ ಎಳೆದು ಇದು ಸೊನ್ನಿ ಅಂದೆ. ಹುಡುಗ್ಯಾರು ಕುಣಿದು ಮುಂದ ಹೋದ್ರು, ಹಿಂದ ಬಂದ್ರು. ಮೂರು ಹಿಂದ, ಐದು ಮುಂದ, ಎಲ್ಲಿ ನಿಂತ್ರಿ? ಸುಗರಾ ಅಂತ ಒಬ್ಬಾಕಿ ನನಗಿಂತ ಮೊದಲೇ ಹೇಳಿ ಹೇಳಿ ಬ್ಯಾರೆಯವರಿಗೆ ಅವಕಾಶಾನೇ ಕೊಡಲಿಲ್ಲ. ಕಡೀಕ ಗೂಟ ಹೊಡೆದು ಚೌಕ ಹಾಕಿದೆ. ಮೂಲಿಗೆ ಮೂಲಿ ಹಗ್ಗ ಎಳೆಸಿದೆ. ಗಂಟು ಕೂಡಲಿಲ್ಲ.

"ಹಗ್ಗ ಸುಳ್ಳದರೀ ಟೀಚರಬಾಯಿ" ಅಂದಳು ಸುಗರಾ.

ನಾನು ಹಗ್ಗ ಕೈಯಾಗ ಹಿಡಕೊಂಡೆ. ಕಣ್ಣಾಗ ನೀರು ಬಂತು, ಇನ್ಸ್‌ಪೆಕ್ಟರ್ ಕುರ್ಚಿ ಮ್ಯಾಲ ಬರೀಲಿಕ್ಕತ್ತಿದ್ರು. ಆಮ್ಯಾಲ ಹೇಳಿದೆ. ಹಗ್ಗ ಸುಳ್ಳಲ್ಲ. ಲೆಕ್ಕ ಹೇಳಿಕೊಟ್ಟವರೂ ಸುಳ್ಳರಲ್ಲ, ಅವರ ಲೆಕ್ಕ ಸಣ್ಣ ಬಾವಿಗೆ ಸಾಕಾಗ್ತಿತ್ತು. ಈ ಗೆರಿನೇ ಬ್ಯಾರೆ ಮನೆತನದ್ದು. ಇದು ಗಂಟಿಗೆ ಸಿಗೋ ಸಂಖ್ಯೆ ಅಲ್ಲ. ಭಾಳ ಮಂದಿ ಶಾಣ್ಯಾರು ಇದರ ಮುಂದ ಎಡವ್ಯಾರ, ಎಡವಿದ್ದಕ್ಕ ಹಗ್ಗಾನ ಬೈದಾರ ಅಂದೆ. ನಿನ್ನ ಹೆಸರು ಹೇಳಲಿಲ್ಲ ಅಪ್ಪ. ಹೇಳದೇ ಇದ್ದದ್ದು ಇದೇ ಮೊದಲ ಸಲ.

ಬಾಗಿಲದಾಗ ಏಕನಾಥ ಕಾಕಾ ನಿಂತಿದ್ರು. ಹಗ್ಗ ಅವರೇ ಹೊತ್ತು ತಂದು ಕೊಟ್ಟಿದ್ರು, ವಾಪಸ್ ಹೋಗಿರಲಿಲ್ಲ. ಎಲ್ಲಾರೂ ಹೋದ ಮ್ಯಾಲ ಬಂದು, "ಇನ್ನೊಮ್ಮೆ ಹೇಳವ್ವ" ಅಂದ್ರು. ಗೂಟ ಹೊಡೆದು ಇನ್ನೊಮ್ಮೆ ತೋರಿಸಿದೆ. ತಾವೇ ಎಳೆದು ನೋಡಿದ್ರು. ಆಮ್ಯಾಲ ಅಂದ್ರು:

"ನಾ ತಿಳಕೊಂಡಿದ್ದೆ, ನನ್ನ ಹಗ್ಗಾನೇ ಹಿಗ್ಗಿತ್ತು ಅಂತ. ನರಸಿಂಗ ಸುಳ್ಳ ಹೇಳೋ ಮನುಷ್ಯಾ ಅಲ್ಲಲಾ. ಅವತ್ತಿನಿಂದ ಒಂದೊಂದು ಹಗ್ಗಾನೂ ಕಲ್ಲು ಕಟ್ಟಿ ಮೂರು ದಿನ ತೂಗು ಹಾಕ್ತೇನಿ, ಹಿಗ್ಗೋದೆಲ್ಲಾ ಮೊದಲೇ ಹಿಗ್ಗಲಿ ಅಂತ, ಆಮ್ಯಾಲ ಕೊಡ್ತೇನಿ."

ಅಪ್ಪ, ಅವರು ಎದುರು ಮಾತಾಡದಿದ್ದದ್ದು ಸಿಟ್ಟಿಗಲ್ಲ. ನಿನ್ನ ಮಾತು ನಂಬಿದ್ರು. ಹನ್ನೊಂದು ವರ್ಷ ತಮ್ಮ ಕೈಯನ್ನೇ ಬೈದುಕೊಂಡು ಕೂತಾರ.

ನನಗ ಇದಕ್ಕಿಂತ ಹೆಚ್ಚಿಗೆ ಹೇಳಲಿಕ್ಕೆ ಬರಂಗಿಲ್ಲ. ನೀನು ನನ್ನ ಅಪ್ಪ.

ಮೀರಾ


ಮೆಹಕರ
21 ಜನವರಿ 1973

ಮೀರಾಗ,

ಕಾಗದ ಮುಟ್ಟಿ ತಿಂಗಳಾಯ್ತು. ಮಾಡಬೇಕಾದ್ದು ಮಾಡಿ ಬರೀಬೇಕು ಅಂತ ಬಿಟ್ಟಿದ್ದೆ.

ಊರಿನ ಅದೇ ಸೊಟ್ಟ ದೊಡ್ಡ ಬಾವಿ ತಳ ಕಂಡದ. ನಾಲ್ಕು ಮೊಳ ಇಳಿಸು ಅಂತ ಶರಫೋದ್ದೀನ ಪಟೇಲರು ಮನುಷ್ಯಾನ್ನ ಕಳಿಸಿದ್ರು. ನಾನು, ನಿಮ್ಮವ್ವ, ಖಾಜಾ ಮಿಯಾ ಬಂದೆವು. ಬಂದ ದಿನಾನೇ ಪಟೇಲರಿಗೆ ಹೇಳಿದೆ, ಗುದ್ದಲಿ ಹಾಕೋಕಿಂತ ಮೊದಲು ಊರು ಕೂಡಿಸ್ರಿ, ಆವತ್ತು ಕಟ್ಟಿ ಮ್ಯಾಲ ಇದ್ದವರು ಯಾರ್ಯಾರು ಉಳಿದಾರ ಎಲ್ಲಾರನ್ನೂ ಕರೀರಿ. ದುಡೀಲಿಕ್ಕೆ ಹೋದವರು ಬಿಟ್ಟು ಮೂವತ್ತು ನಲವತ್ತು ಮಂದಿ ಬಂದ್ರು.

ಹಾಸಿಗಿ ಬಿಚ್ಚಿ ಹಗ್ಗ ತಗೊಂಡೆ. ಬಾವಿ ಬಾಯಿಗೆ ಮೂಲಿಗೆ ಮೂಲಿ ಹಚ್ಚಿ ಖಾಜಾ ಮಿಯಾ ಮತ್ತ ನಾನು ಎಳೆದೆವು. ಇಪ್ಪತ್ತೆಂಟು. ನೋಡ್ರಿ ಅಂದೆ. ಆಮ್ಯಾಲ ಎರಡನೇ ಮೂಲಿ ಎಳೆದೆ. ಬಾವಿ ಮ್ಯಾಲ ನನ್ನ ಜೀವನದಾಗ ಮೊದಲನೇ ಸಲ. ಉಸ್ತಾದನ ಹೆಸರು ತಗೊಂಡೇ ಎಳೆದೆ. ಇಪ್ಪತ್ತೆಂಟೂವರಿ, ಮ್ಯಾಲ ಒಂದು ಬೆರಳು. ನಿನ್ನ ಕಾಗದದಾಗ ಇದ್ದಂಗೇ. ಬಾವಿ ನೋಡದೇ ಬೀದರದಾಗ ಕೂತು ನೀನು ಬರೆದದ್ದು ನನ್ನ ಕಣ್ಣ ಮುಂದ ಹಗ್ಗದ ಮ್ಯಾಲ ನಿಂತಿತ್ತು.

ಅಲ್ಲೇ ಹೇಳಿದೆ. ಏಕನಾಥನ ಹಗ್ಗ ಖರೆ ಇತ್ತು. ನನ್ನ ಲೆಕ್ಕ ತಪ್ಪಿತ್ತು. ಒಬ್ಬ ಚಲೋ ಮನುಷ್ಯಾನ ಇಜ್ಜತ್ ಈ ಬಾಯಿಂದ ತೆಗೆದೆ, ಇದೇ ಬಾಯಿಂದ ಇವತ್ತು ವಾಪಸ್ ಕೊಡ್ತೇನಿ, ನೀವೆಲ್ಲಾ ಸಾಕ್ಷಿ. ಯಾರೋ ಮುದುಕ, "ನಿನಗ ಯಾರು ಹೇಳಿದ್ರು ಇದನ್ನ, ಇಷ್ಟು ವರ್ಷದ ಮ್ಯಾಲ?" ಅಂದ. ನನ್ನ ಮಗಳು ಅಂದೆ. ಮೀರಾಬಾಯಿ, ಬೀದರದಾಗ ಮಾಸ್ತರಿಣಿ ಆಗ್ತಾಳ. ತಪ್ಪು ಒಪ್ಪಿಕೊಂಡ ದಿನ ಎದಿ ಇಷ್ಟು ಹಿಗ್ಗತದ ಅಂತ ನನಗ ಗೊತ್ತಿರಲಿಲ್ಲ. ಪಟೇಲರು ಎದ್ದು ನಿಂತು ಹಗ್ಗ ತಮ್ಮ ಕೈಯಾಗ ಹಿಡಿದು ನೋಡಿದ್ರು. ನಿಮ್ಮವ್ವ ಅಳಲಿಲ್ಲ, ಅತ್ತಿಲ್ಲಂತ ಬರಿ ಅಂತ ಹೇಳ್ಯಾಳ.

ಏಕನಾಥಗ ನಾನೇ ಕಾಗದ ಬರೆದು ಹಾಕೀನಿ. ನಾಲ್ಕು ಸಾಲು. ಮೂರು ದಿನ ಹಿಡೀತು.

ನೀರು ಇನ್ನೂ ಬಂದಿಲ್ಲ. ತಳದಾಗ ಮಣ್ಣು ಹಸಿ ಅದ. ಬರ್ತದ. ಇನ್ನ ಮ್ಯಾಲ ನಮ್ಮ ಗ್ಯಾಂಗಿನಾಗ ಎರಡೂ ಮೂಲಿ ಎಳೆಯೋ ಪದ್ಧತಿ ಹಾಕೀನಿ. ಎರಡೂ ಸರಿ ಬಂದ್ರ ಚೌಕ, ಇಲ್ಲಂದ್ರ ಗೂಟ ಸರಿಸು. ಇದಕ್ಕ ಹೆಸರು ಬ್ಯಾಡ.

ನಿಮ್ಮಪ್ಪ,
ನರಸಿಂಗ


ನೌಬಾದ, ಬೀದರ
9 ಫೆಬ್ರವರಿ 1973

ನರಸಿಂಗಗ,

ನಿನ್ನ ಕಾಗದ ಬಂತು. ನನಗ ಓದಲಿಕ್ಕೆ ಬರಂಗಿಲ್ಲ ಅಂತ ನಿನಗ ಗೊತ್ತದ. ಮೀರಾ ಓದಿ ಹೇಳಿದಳು, ಇದನ್ನ ಬರೆಯಾಕಿನೂ ಆಕಿನೇ. ನಾ ಹೇಳಿದಷ್ಟೇ ಬರೀಬೇಕು, ತನ್ನದು ಸೇರಿಸಬಾರದು ಅಂತ ತಾಕೀತು ಮಾಡೀನಿ.

ಮೆಹಕರದಿಂದ ಶರಫೋದ್ದೀನ ಪಟೇಲರು ಬಂದು ಹೋದ್ರು. ನಮ್ಮ ಮನಿ ಬಾಗಿಲಿಗೆ ಬಂದು ಅಳತಿ ಹಗ್ಗ ಬೇಕು ಅಂದ್ರು. ಹನ್ನೊಂದು ವರ್ಷದಾಗ ನಮ್ಮೂರಿಂದ ಹಗ್ಗ ಕೇಳಿ ಬಂದವರು ಅವರೇ ಮೊದಲು. ನಾನು ಒಳಗ ಹೋಗಿ ಜರಾ ಹೊತ್ತು ನಿಂತು ಬಂದೆ.

ನಿನ್ನ ಹತ್ತಿರ ಇರೋದು ಹಾಸಿಗಿ ಕಟ್ಟಲಿಕ್ಕೇ ಇರಲಿ, ಕೌಸಲ್ಯಾಬಾಯಿಗೆ ರೂಢಿ ಆಗ್ಯದ. ನಿನಗ ಹೊಸಾದು ಹೊಸೆದೀನಿ. ಹೊಸ ಪುಂಡಿ ನಾರು, ಮೂವತ್ತು ಗಂಟು. ಇದನ್ನ ಕಲ್ಲು ಕಟ್ಟಿ ತೂಗು ಹಾಕಿಲ್ಲ. ಮಾಡಿದ ದಿನಾನೇ ಕಳಿಸ್ಲಿಕ್ಕತ್ತೀನಿ.

ಬಗಲಿಗೆಲ್ಲಾ ಗಂಟು ಹಾಕೀನಿ. ಮೂಲಿಗೆ ಮೂಲಿ ಎಳೆಯೋದಕ್ಕ ಹಾಕಿಲ್ಲ. ಅದು ನನ್ನ ಕೈಯಾಗ ಇಲ್ಲ, ನಿನ್ನ ಕೈಯಾಗೂ ಇಲ್ಲ. ಎಷ್ಟು ಬರ್ತದ ಅಂತ ನಮ್ಮ ಮಗಳಿಗೆ ಕೇಳು.

ಏಕನಾಥ